ಬೂತಾಯಿ ತಂಪು ಹುಡುಕಿ ಹೊರಟದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಸೂರ್ಯನಿಗೆ ಆಗಿನ್ನೂ ತನ್ನ ಬಿಸಿಯ ಅಳತೆ ತಿಳಿದಿರಲಿಲ್ಲ. ಒಂದು ವರ್ಷ ಅವನು ತೀರ ಕೆಳಗೆ ಬಗ್ಗಿ ನೋಡಿದ. ಚಿಗುರೆಲ್ಲ ಬಾಡಿತು. ನೆಲ ಅತ್ತಿತು.

"ಅಳಬೇಡ, ಆ ಬಿಸಿಯನ್ನು ನಾನು ತಕ್ಕೊಳ್ತೇನೆ," ಎಂದಳು ಕಡಲಮ್ಮ.

ಹಾಗೆ ಅವಳು ಬಿಸಿಯನ್ನು ಕುಡಿದಳು. ಕುಡಿದಳು, ಕುಡಿದಳು, ಕುಡಿಯುತ್ತಲೇ ಹೋದಳು.

ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಮಿಣುಕಿ ಎಂಬ ಬೂತಾಯಿ ಮೀನು ಇದ್ದಳು. ಪಕ್ಕದ ಬಂಡೆಗೆ ಅಂಟಿಕೊಂಡು ಚಿಪ್ಪಜ್ಜಿ ಎಂಬ ಮುದಿ ಚಿಪ್ಪುಮೀನು ಇದ್ದಳು. ಮಿಣುಕಿ ಮರಿಯಾಗಿದ್ದಾಗ ದೊಡ್ಡ ಮೀನು ಅಟ್ಟಿಸಿಕೊಂಡು ಬಂದರೆ ಅಡಗುತ್ತಿದ್ದುದು ಈ ಅಜ್ಜಿಯ ಹಿಂದೆ.

ಆ ವರ್ಷ ಮಿಣುಕಿಯ ಮೊಟ್ಟೆಗಳಲ್ಲಿ ಅರ್ಧ ಒಡೆಯಲೇ ಇಲ್ಲ. ಒಡೆದು ಬಂದ ಮರಿಗಳು ಬಿಸಿನೀರಿನಲ್ಲಿ ಏದುಸಿರು ಬಿಟ್ಟವು.

"ಕಡಲಮ್ಮ, ನೀನು ಸ್ವಲ್ಪ ತಣ್ಣಗಾಗ್ಲಿಕ್ಕೆ ಆಗುದಿಲ್ವಾ?" ಎಂದು ಕೇಳಿದಳು ಮಿಣುಕಿ.

"ನಾನು ಕೈಬಿಟ್ಟರೆ ನೆಲ ಸುಟ್ಟುಹೋಗ್ತದೆ ಮಗಳೇ." ಕಡಲಮ್ಮನ ದನಿ ಬಹಳ ದಣಿದಿತ್ತು.

ಮಿಣುಕಿ ಬಂಡೆಯ ಹತ್ತಿರ ಬಂದಳು. "ಅಜ್ಜಿ, ತಂಪು ಇರುವಲ್ಲಿಗೆ ಹೋಗುವ. ನೀವೂ ಬನ್ನಿ."

"ಕಲ್ಲು ಬಿಟ್ಟರೆ ನಾನು ಬದುಕುದುಂಟಾ? ನೀನು ಹೋಗು. ಮಕ್ಕಳನ್ನು ಉಳಿಸ್ಕೋ."

"ನಿಮ್ಮನ್ನು ಬಿಟ್ಟು ಹೇಗೆ ಹೋಗ್ಲಿ?"

ಚಿಪ್ಪಜ್ಜಿ ಚಿಪ್ಪು ಮುಚ್ಚಿಕೊಂಡಳು. ಕಡಲಿನ ನೀರೇರಿ ಒಂದು ಭರತ ಬಂತು, ಇಳಿಯಿತು. ಮಿಣುಕಿ ಕಾದೇ ಕಾದಳು. ಚಿಪ್ಪು ತೆರೆಯಲಿಲ್ಲ. ತೆರೆದರೆ ಇವಳು ಹೋಗುವುದಿಲ್ಲವೆಂದು ಅಜ್ಜಿಗೆ ಗೊತ್ತಿತ್ತು.

ಅಷ್ಟರಲ್ಲಿ ತೀರ ಸೋತಿದ್ದ ಮರಿಯೊಂದು ಪಕ್ಕಕ್ಕೆ ವಾಲಿತು. ಮಿಣುಕಿ ಅದನ್ನು ಮೂತಿಯಿಂದ ಎತ್ತಿ ನಿಲ್ಲಿಸಿದಳು. ಆಮೇಲೆ ಬಂಡೆಯ ಕಡೆ ನೋಡದೆ ಹೊರಟಳು. ಅಳಿವೆಯ ಬೂತಾಯಿ ಹಿಂಡೆಲ್ಲ ಅವಳ ಜೊತೆ ಹೊರಟಿತು.

ಆದರೆ ತಂಪು ಯಾವ ದಿಕ್ಕಿನಲ್ಲಿದೆ? ಯಾರಿಗೂ ಗೊತ್ತಿಲ್ಲ.

"ಯಾರ ಮೈಗೆ ತಂಪು ತಾಗ್ತದೋ ಅವರು ತಿರುಗಿ. ಬಾಕಿಯವರು ಏನೂ ಕೇಳದೆ ಜೊತೆಗೇ ತಿರುಗಿ," ಎಂದಳು ಮಿಣುಕಿ.

ಈಜಿದರು, ಈಜಿದರು. ಕೊನೆಗೆ ತಂಪು ಮೊದಲು ತಾಗಿದ್ದು ಆ ಸೋತ ಮರಿಗೇ. ಅದು ಬಡಗು ದಿಕ್ಕಿಗೆ ತಿರುಗಿತು. ಯಾರೂ ಏನೂ ಕೇಳಲಿಲ್ಲ. ಸಾವಿರ ಮೀನು ಒಟ್ಟಿಗೇ ತಿರುಗಿದವು.

ಅದಕ್ಕೇ ಮಗೂ, ಕಡಲು ಕಾದ ವರ್ಷ ಬೂತಾಯಿ ನಮ್ಮ ದಡದಲ್ಲಿ ನಿಲ್ಲುವುದಿಲ್ಲ. ದೋಣಿಯಿಂದ ಬಗ್ಗಿ ನೋಡುವಾಗ ಇಡೀ ಹಿಂಡು ಪಳಕ್ಕನೆ ಒಂದೇ ಕಡೆಗೆ ತಿರುಗಿದರೆ, ಅವರಲ್ಲಿ ಯಾರಿಗೋ ತಂಪು ತಾಗಿದೆ ಎಂದು ತಿಳಿ.