ಅಡ್ಡ ಹೊಡೆದ ಭರಮ್ಯಾ

ಜೋಳ ಅಳೆಯುವ ಮುಂಚೆ ದ್ಯಾಮವ್ವ ಸೇರಿನ ಹೊಟ್ಟೆಯ ಮೇಲಿನ ಸರ್ಕಾರಿ ಮುದ್ರೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರುತ್ತಿದ್ದಳು. ಮುದ್ರೆ ಇದ್ದರೆ ಸೇರು ಖರೆ, ಇಲ್ಲದಿದ್ದರೆ ಬರೀ ಡಬ್ಬಿ. ಡಬ್ಬಿ ಹಿಡಿದವಳನ್ನು ಸಂತೆಯಲ್ಲಿ ಕೂರಲು ಯಾರು ಬಿಡುತ್ತಾರೆ? ಇಂಥ ದ್ಯಾಮವ್ವನಿಗೆ ಒಬ್ಬನೇ ಮಗ, ಭರಮ್ಯಾ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

ಮನೆಯಲ್ಲಿದ್ದ ಎರಡು ಸೇರಿನಲ್ಲಿ ಒಂದು ಬಿದ್ದು ನೆಗ್ಗಿತು.

“ಇದರಾಗ ಅಳದ್ರ ಮಂದಿಗೆ ಮೋಸ ಆಕ್ಕೈತಿ. ನೆಗ್ಗಿದ್ದಕ್ಕ ಉಳಿ ತಗೊಂಡು ಅಡ್ಡ ಹೊಡಿ,” ಅಂದಳು ತಾಯಿ.

ಭರಮ್ಯಾ ಮುದ್ರೆ ರದ್ದಾಗುವಂತೆ ಅದರ ಮೇಲೆ ಉಳಿಯಿಂದ ಅಡ್ಡ ಗೀರು ಹೊಡೆದ. ಹೊರಗೆ ಬಂದ. ಪಕ್ಕದ ಮನೆಯ ಶಂಕ್ರವ್ವನ ಕೊಡವೂ ನೆಗ್ಗಿತ್ತು. ಅದರ ಮೇಲೆ ಕೆತ್ತಿದ್ದ ಅವಳಪ್ಪನ ಹೆಸರಿಗೂ ಅಡ್ಡ ಹೊಡೆದ.

ಶಂಕ್ರವ್ವ ಕೊಡ ಹೊತ್ತು ಬಾಗಿಲಿಗೇ ಬಂದಳು. “ಯಕ್ಕಾ, ನಿನ್ನ ಮಗ ನಮ್ಮಪ್ಪನ್ನ ಅಳಿಸ್ಯಾನ ನೋಡು.”

ದ್ಯಾಮವ್ವ ಮಗನ ಕಡೆ ತಿರುಗಿದಳು. “ಖೋಡಿ, ಮಂದೀದು ಯಾಕ ಮುಟ್ಟಿದ್ಯೋ?”

“ನೆಗ್ಗಿತ್ತಬೇ.”

“ಮಂದೀದು ಮುಟ್ಟಬ್ಯಾಡ. ಹೊಡದ್ರ ನಮ್ಮ ಮನೀ ಸೇರಿಗೆ ಹೊಡಿ.”

ಹೊಡೆದ. ಮನೆಯಲ್ಲಿ ಉಳಿದದ್ದು ನೆಟ್ಟಗಿದ್ದ ಆ ಒಂದೇ ಸೇರು.

ದ್ಯಾಮವ್ವ ಸೇರನ್ನು ಎತ್ತಿ ಮುದ್ರೆ ಸವರಿದಳು. “ಇದೂ ನೆಗ್ಗಿತ್ತೇನೋ?”

“ಇಲ್ಲಬೇ. ನಮ್ಮದಿತ್ತು.”

ದ್ಯಾಮವ್ವ ಸೇರನ್ನು ಮಡಿಲಿಗೆ ಎಳೆದುಕೊಂಡಳು. “ಪುಣ್ಯಕ್ಕ ನಾಳೆ ಮುದ್ರಿ ಹಾಕೋ ಸಾಹೇಬ್ರು ಬರ್ತಾರ. ಇನ್ನ ನೀ ನನ್ನ ಮಾತೂ ಕೇಳಬ್ಯಾಡ. ಅವರು ಹೇಳಿದಷ್ಟ ಮಾಡು.”

ಮರುದಿನ ಚಾವಡಿಯ ಮುಂದೆ ಸಂತೆಯವರೆಲ್ಲ ತಕ್ಕಡಿ, ಸೇರು ಹಿಡಿದು ಸಾಲು ನಿಂತಿದ್ದರು. ದ್ಯಾಮವ್ವನ ಪಕ್ಕದಲ್ಲಿ ಭರಮ್ಯಾ. ಸಾಹೇಬರು ದ್ಯಾಮವ್ವನ ನೆಟ್ಟಗಿನ ಸೇರಿಗೆ ನೀರು ತುಂಬಿ ನೋಡಿದರು.

“ಅಳತಿ ಸರಿ ಐತಿ. ಚಾ ಕುಡದು ಮುದ್ರಿ ಹಾಕ್ತೀನಿ.”

ದ್ಯಾಮವ್ವನಿಗೆ ಹೋದ ಜೀವ ಬಂದಂತಾಯಿತು. ಮೇಜಿನ ಮೇಲೆ ಸವೆದ ನಾಲ್ಕು ತೂಕದ ಬಟ್ಟುಗಳಿದ್ದವು. ಸಾಹೇಬರು ಚಹಾದ ಕಪ್ಪು ಎತ್ತುತ್ತಾ ಭರಮ್ಯಾನಿಗೆ ಹೇಳಿದರು, “ಅಷ್ಟರಾಗ ತಮ್ಮಾ, ಮೇಜಿನ ಮ್ಯಾಲಿನ ಹಳೇವಕ್ಕೆಲ್ಲಾ ಅಡ್ಡ ಹೊಡಿ.”

ಭರಮ್ಯಾ ಸೊಂಟದ ಉಳಿ ತೆಗೆದು ನಾಲ್ಕು ಬಟ್ಟಿಗೂ ಹೊಡೆದ. ಪಕ್ಕದಲ್ಲಿ ಸಾಹೇಬರು ಮುದ್ರೆ ಒತ್ತುವ ಒಂದೇ ಒಂದು ಅಚ್ಚು ಇತ್ತು. ಹಿಡಿ ಸವೆದು ಹೊಳೆಯುತ್ತಿತ್ತು. ಎಲ್ಲಕ್ಕಿಂತ ಹಳೆಯದು ಅದೇ. ತಿರುವಿಟ್ಟು, ಅದರ ಮುದ್ರೆಯ ಮುಖಕ್ಕೆ ಉಳಿ ಇಟ್ಟು, ಬಲವಾಗಿ ಹೊಡೆದ.

ಸಾಹೇಬರ ಕಪ್ಪು ತುಟಿಯ ಹತ್ತಿರವೇ ನಿಂತಿತು.

“ಏನ್ ಮಾಡಿದಿ?”

“ಹಳೇದಿತ್ತರೀ.”

ದ್ಯಾಮವ್ವ ಒದ್ದೆ ಸೇರನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದಳು.

“ಸಾಹೇಬ್ರ, ಇದು ಖರೇ ಸೇರು ಅಂತ ನಿಮ್ಮ ಕೈಲೇ ಒಂದು ಚೀಟಿ ಬರದು ಕೊಡ್ರೀ.”

“ಚೀಟಿ ಖರೇ ಅನ್ನಾಕೂ ಇದ ಮುದ್ರಿ ಬೇಕಲ್ಲವ್ವಾ,” ಅಂದರು ಸಾಹೇಬರು, ಅಚ್ಚನ್ನೇ ತಿರುವಿ ತಿರುವಿ ನೋಡುತ್ತಾ.