ರಾಹುಕಾಲ ತೋರಿಸಿದ ಆಡಿಟರ್

"ಗುರುಗಳೇ, ನನ್ನ ಆಡಿಟ್ ಆಫೀಸಿನ ವೆಬ್‌ಸೈಟಿಗೆ ಯಾವ ಯಾವ ವಿಜೆಟ್ ಹಾಕಿಸಿದರೆ ಗಿರಾಕಿಗಳು ಬಂದಾರು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಕತೆ ತೆಗೆದರು.

ಒಂದೂರಲ್ಲಿ ಒಬ್ಬ ಆಡಿಟರ್ ಇದ್ದನಪ್ಪ. ವಿದ್ಯೆಯಲ್ಲಿ ಗಟ್ಟಿಗ. ಆದರೆ ಆಫೀಸಿನ ಕುರ್ಚಿಗಳು ಖಾಲಿ. ಇನ್ನು ಮೂರು ತಿಂಗಳು ಹೀಗೇ ಹೋದರೆ ಬಾಗಿಲು ಹಾಕಿ, ಮಾವನ ಜವಳಿ ಅಂಗಡಿಯಲ್ಲಿ ಸೀರೆ ಮಡಚಬೇಕಿತ್ತು. ಅದೇ ಅವನ ಚಿಂತೆ. ಅದಕ್ಕೇ ವೆಬ್‌ಸೈಟ್ ಮಾಡಿಸಿ, ತಾನಾಗಿ ಓಡುವ ಪುಟ್ಟ ಪೆಟ್ಟಿಗೆಗಳನ್ನು, ನೀನು ಹೇಳಿದೆಯಲ್ಲ ವಿಜೆಟ್, ಅವನ್ನು ಒಂದೊಂದಾಗಿ ಕೂರಿಸಿದ. ತೆರಿಗೆ ಲೆಕ್ಕ ಹಾಕುವ ಪೆಟ್ಟಿಗೆ ಇಟ್ಟ, ಯಾರೂ ಮುಟ್ಟಲಿಲ್ಲ. ಚಿನ್ನದ ದರ ಇಟ್ಟ, ನಾಲ್ಕು ಜನ ನೋಡಿದರು. ರಾಹುಕಾಲ ಇಟ್ಟ ನೋಡು, ಊರಿಗೆ ಊರೇ ಮುಗಿಬಿತ್ತು! ಸೈಟನ್ನು ಎಷ್ಟು ಸಲ ನೋಡಿದರೆಂದು ಎಣಿಸಲು ಇನ್ನೊಂದು ಪೆಟ್ಟಿಗೆ. ಆಡಿಟರ್ ಊಟ ಬಿಟ್ಟು ಅದರ ಮುಂದೆಯೇ ಕೂತ. ಕುರ್ಚಿಗಳು ಮಾತ್ರ ಖಾಲಿಯೇ.

ಒಂದು ಮಂಗಳವಾರ ಮಧ್ಯಾಹ್ನ ಮೂರರಿಂದ ಆ ಎಣಿಕೆ ನಿಲ್ಲದೆ ಏರತೊಡಗಿತು. ಆಡಿಟರ್ ಹೆಂಡತಿಗೆ ಫೋನು ಹಚ್ಚಿದ.

"ಲೇ ಇವಳೇ, ಯಾರೋ ಬಿಟ್ಟೂಬಿಡದೆ ನೋಡ್ತಿದ್ದಾರೆ ಕಣೇ! ದೊಡ್ಡ ಕುಳವೇ ಇರಬೇಕು!"

ನಾಲ್ಕೂವರೆಗೆ ಸರಿಯಾಗಿ, ಹಪ್ಪಳದ ವ್ಯಾಪಾರ ಮಾಡುವ ಹೆಂಗಸೊಬ್ಬಳು ಒಳಗೆ ಬಂದಳು. ಕೈಯಲ್ಲಿ ತೆರಿಗೆ ಇಲಾಖೆಯ ನೋಟೀಸು. ಐದರೊಳಗೆ ಉತ್ತರ ಹೋಗದಿದ್ದರೆ ಅವಳ ವ್ಯಾಪಾರದ ನೋಂದಣಿ ರದ್ದು.

ಆಡಿಟರ್ ಹಣೆ ಚಚ್ಚಿಕೊಂಡ. "ಅಯ್ಯೋ ತಾಯಿ, ಇದು ಒಂದೂವರೆ ಗಂಟೆಯ ಕೆಲಸ. ಮೂರಕ್ಕೇ ಬರಬಾರದಿತ್ತೇ?"

"ಮೂರಕ್ಕೇ ಬಂದೆನಲ್ಲ ಸ್ವಾಮಿ! ನಿಮ್ಮ ಮೆಟ್ಟಿಲ ಮೇಲೇ ಕೂತಿದ್ದೆ. ಎಷ್ಟು ಸಲ ಫೋನು ತೆಗೆದು ನೋಡಿದರೂ ನಿಮ್ಮ ಸೈಟು ಒಂದೇ ಮಾತು ಹೇಳ್ತಿತ್ತು, ಈಗ ರಾಹುಕಾಲ, ಯಾವ ಕೆಲಸಕ್ಕೂ ಕೈಹಾಕಬೇಡಿ ಅಂತ. ಆಡಿಟರೇ ಬೇಡ ಅಂದಮೇಲೆ ನಾನು ಹ್ಯಾಗೆ ಒಳಗೆ ಬರಲಿ?"

ಉತ್ತರ ಅರ್ಧ ಬರೆಯುವಷ್ಟರಲ್ಲಿ ಐದು ಹೊಡೆಯಿತು. ಅವಳು ಕಾಗದ ಮಡಚಿಕೊಂಡು, ರದ್ದಾದದ್ದನ್ನು ಸರಿಮಾಡಿಸಲು ಎದುರು ಬೀದಿಯ ಆಡಿಟರ ಬಳಿಗೆ ಹೊರಟುಹೋದಳು.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಆಯಿತು ಗುರುಗಳೇ, ರಾಹುಕಾಲ ಬೇಡ. ಚಿನ್ನದ ದರ ಹಾಕಿಸಬಹುದಲ್ಲವೇ?"

ಗುರುಗಳು ಹೇಳಿದರು: "ಹಾಕಿಸುವೆಯಂತೆ ಮಗು, ಮೊದಲು ಹೋಗಿ ನಿನ್ನ ಮೆಟ್ಟಿಲ ಮೇಲೆ ಯಾರು ಕೂತಿದ್ದಾರೆ ನೋಡು."