ಅಮ್ಮನ ಹೆಸರು ಮೊದಲು

ಯೆಹೂದದ ಬೆಟ್ಟದ ಸೀಮೆಯಲ್ಲಿ ಅಜರೇಲನೆಂಬ ರಾಜನಿದ್ದ. ಒಳ್ಳೆಯವನು ಅನ್ನಿಸಿಕೊಳ್ಳುವ ಆಸೆ ಅವನಿಗೆ ಬಹಳ. ಒಳ್ಳೆಯವನಾಗುವ ಆತುರ ಮಾತ್ರ ಅಷ್ಟಿರಲಿಲ್ಲ. ಅರಮನೆಯ ಪಕ್ಕದಲ್ಲಿದ್ದ ಅದಾ ಎಂಬ ವಿಧವೆಯ ಆಲಿವ್ ತೋಟದ ಮೇಲೆ ಅವನ ಕಣ್ಣು ಬಿತ್ತು. ಕಲ್ಲುಗೋಡೆ ಕೆಡವಿಸಿ ತೋಟವನ್ನು ಒಳಗೆ ಹಾಕಿಕೊಂಡ.

ಆ ಸೀಮೆಯಲ್ಲಿ ಪ್ರತಿ ರಾಜನ ಕತೆಯನ್ನೂ ಬರೆದಿಡುತ್ತಿದ್ದರು. ಬರೆಯುವವರಿಗೆ ದಾಕ್ಷಿಣ್ಯವೇ ಇರಲಿಲ್ಲ. ರಾಜ ಹತ್ತು ಊರು ಗೆದ್ದದ್ದನ್ನು ಒಂದು ಸಾಲಿನಲ್ಲಿ ಮುಗಿಸಿ, ಅವನ ಒಂದು ತಪ್ಪಿಗೆ ಹತ್ತು ಸಾಲು ಕೊಡುತ್ತಿದ್ದರು. ಅಜರೇಲನ ತಾತ, ಮುತ್ತಾತ ಯಾರೂ ತಪ್ಪಿಸಿಕೊಂಡಿರಲಿಲ್ಲ.

ಅದಕ್ಕೇ ಅವನು ಆಸ್ಥಾನದ ಬರಹಗಾರ ಶಿಮ್ರಿಯನ್ನು ಕರೆಸಿದ. "ನನ್ನ ಹೆಸರಿಗೆ ಒಂದು ತಪ್ಪೂ ಅಂಟಬಾರದು. ಅಂಟಿತೋ, ನಿನ್ನ ಬಲಗೈ ಇರುವುದಿಲ್ಲ."

ಶಿಮ್ರಿಗೆ ಭಯವಾಯಿತು. ಬರೆಯುವುದು ಬಿಟ್ಟರೆ ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಆದರೆ ಅದಾ ಆ ಬೆಳಿಗ್ಗೆ ತಾನೇ ಅವನ ಮನೆ ಬಾಗಿಲಲ್ಲಿ ಕೂತು ಅತ್ತು ಹೋಗಿದ್ದಳು. ಆಗಲಿ ಪ್ರಭು ಎಂದು ಶಿಮ್ರಿ ತಲೆಬಾಗಿ ಹೊರಟ.

ಮೂರನೆಯ ದಿನ ಸಭೆ ತುಂಬಿತ್ತು. ರಾಜನ ಪಕ್ಕದಲ್ಲಿ ಅವನ ತಾಯಿ ತಿರ್ಜಾ ಕೂತಿದ್ದಳು. ಆಕೆ ಹುಬ್ಬೇರಿಸಿದರೆ ಸೇನಾಪತಿಯೂ ದಾರಿ ಬಿಡುತ್ತಿದ್ದ. ಶಿಮ್ರಿ ಸುರುಳಿ ಬಿಚ್ಚಿ ಓದಿದ:

"ಅಜರೇಲನು ಪಟ್ಟಕ್ಕೆ ಬಂದನು. ಅವನ ತಾಯಿಯ ಹೆಸರು ತಿರ್ಜಾ. ಅಜರೇಲನು ಒಂದು ತಪ್ಪನ್ನೂ ಮಾಡಲಿಲ್ಲ. ವಿಧವೆಯ ತೋಟ ಕಿತ್ತುಕೊಂಡವಳು ತಿರ್ಜಾ."

ರಾಜ ತೊದಲುತ್ತ, ಇದೇನು ಬರೆದೆ ಎಂದು ಕೇಳಿದ.

"ತೋಟ ಹೋದದ್ದನ್ನು ಊರೆಲ್ಲ ನೋಡಿದೆ ಪ್ರಭು, ಬರೆಯದೆ ಬಿಡುವ ಹಾಗಿಲ್ಲ. ನಿಮ್ಮ ಹೆಸರಿಗೆ ಅಂಟಿಸಬೇಡ ಅಂದಿರಿ. ರಾಜನ ಕತೆಯಲ್ಲಿ ತಾಯಿಯ ಹೆಸರನ್ನು ಮೊದಲ ಸಾಲುಗಳಲ್ಲೇ ಬರೆಯುವುದು ನಮ್ಮ ಪದ್ಧತಿ. ಸುರುಳಿಯಲ್ಲಿ ಇದ್ದದ್ದು ಎರಡೇ ಹೆಸರು, ನಿಮ್ಮದು ಬಿಟ್ಟರೆ ಉಳಿದದ್ದು ಅಮ್ಮನದೇ."

ತಿರ್ಜಾ ನಿಧಾನವಾಗಿ ಮಗನ ಕಡೆ ತಿರುಗಿದಳು. "ಯಾವ ತೋಟವೋ ಅದು?"

ಸಂಜೆಯೊಳಗೆ ಅದಾಳ ತೋಟ ಅದಾಳಿಗೆ ಸೇರಿತು. ಕೆಡವಿದ ಗೋಡೆಯ ಕಲ್ಲುಗಳನ್ನು ರಾಜನೇ ಹೊತ್ತು ಜೋಡಿಸಿದ. ತಾಯಿ ಕೊನೆಯ ಕಲ್ಲಿನವರೆಗೂ ನಿಂತು ನೋಡಿದಳು.

ಬೆವರು ಒರೆಸಿಕೊಳ್ಳುತ್ತ ಅಜರೇಲ ಶಿಮ್ರಿಯನ್ನು ಹತ್ತಿರ ಕರೆದು ಪಿಸುಗುಟ್ಟಿದ. "ಅಮ್ಮನ ಮೇಲಿನ ಮಾತು ತೆಗೆ. ರಾಜ ತೋಟ ಹಿಂದಕ್ಕೆ ಕೊಟ್ಟ ಅಂತ ಬರೆ. ಕಿತ್ತುಕೊಂಡದ್ದು ಮಾತ್ರ ಬೇಡ."

"ಕಿತ್ತುಕೊಳ್ಳದೆ ಹಿಂದಕ್ಕೆ ಕೊಡುವುದು ಹೇಗೆ ಪ್ರಭು?" ಎಂದ ಶಿಮ್ರಿ. "ನಿಮ್ಮ ಒಳ್ಳೆಯತನಕ್ಕೆ ನನ್ನ ಹತ್ತಿರ ಇರುವ ಸಾಕ್ಷಿ ಆ ತಪ್ಪೊಂದೇ."

ಅಜರೇಲ ಅವನನ್ನು ದಿಟ್ಟಿಸಿದ, ಆಮೇಲೆ ನಗು ತಡೆಯಲಾರದೆ ಕಲ್ಲುಗೋಡೆಗೆ ಒರಗಿದ. ನಿನ್ನ ಕೈ ನಿನಗೇ ಇರಲಿ ಎಂದ.

"ಆದರೆ ಹತ್ತು ಸಾಲು ಬೇಡ ಮಾರಾಯ. ಎರಡರಲ್ಲಿ ಮುಗಿಸು."